ಅಲ್ಲಾಡಿಸಿದರೆ ಬಿಡು

ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಧರ್ಮೇಶ್ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಧರ್ಮೇಶ್ ಎಂದು ಎದುರು ಪ್ರಶ್ನೆ ಬರುತ್ತದೆ. ಹಗ್ಗದ ಪೈಲಟ್ಟು ಎಂದು ಕೇಳಿ ನೋಡಿ, ಹೂವಿನಂಗಡಿಯವಳೂ ಕೈ ತೋರಿಸುತ್ತಾಳೆ. ಆಟೋದವನು ಸಿಕ್ಕರೆ ದಾರಿಯುದ್ದಕ್ಕೂ ಅವನ ಕಥೆಯನ್ನೂ ಹೇಳುತ್ತಾನೆ, ಅದರಲ್ಲಿ ಅರ್ಧ ಸುಳ್ಳು. ವಿಮಾನ ಹಾರಿಸುವ ಮನುಷ್ಯನಿಗೆ ನಮ್ಮ ಜನ ಇಡುವ ಹೆಸರು ನೋಡಿ! ದನ ಕಟ್ಟುವ ಹಗ್ಗ, ಬಾವಿಗೆ ಬಿಡುವ ಹಗ್ಗ, ಅದರ ಸಾಲಿನಲ್ಲಿ ಇವನೂ ಒಬ್ಬ. ಆದರೆ ಹೆಸರಿಟ್ಟವರದ್ದೇನೂ ತಪ್ಪಿಲ್ಲ. ಧರ್ಮೇಶನ ಕೆಲಸವೇ ಹಗ್ಗದ್ದು.

ಗ್ಲೈಡರ್ ಎಂಬ ಇನ್ನೊಂದು ಬಗೆಯ ವಿಮಾನ ಇದೆ. ಉದ್ದ ರೆಕ್ಕೆ, ಸಣ್ಣ ಮೈ, ಒಳಗೆ ಎಂಜಿನ್ ಇಲ್ಲ. ಅದು ತಾನಾಗಿ ಮೇಲೇಳಲಾರದು. ಅದರ ಮೂತಿಗೆ ಉದ್ದನೆಯ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಎಂಜಿನ್ ಇರುವ ಪುಟ್ಟ ವಿಮಾನದ ಬಾಲಕ್ಕೆ ಸಿಕ್ಕಿಸಿ, ಎಳೆದುಕೊಂಡು ಮೇಲಕ್ಕೆ ಹೋಗಬೇಕು. ಸಾಕಷ್ಟು ಎತ್ತರ ಸಿಕ್ಕ ಮೇಲೆ ಹಿಂದಿನವನು ಗುಂಡಿಯಂಥ ಒಂದು ಹಳದಿ ಗುಬುಟು ಎಳೆದು ಹಗ್ಗ ಬಿಡುತ್ತಾನೆ; ಆಮೇಲೆ ಬಿಸಿಗಾಳಿ ಹಿಡಿದು ಹದ್ದಿನಂತೆ ಸುತ್ತುತ್ತಾನೆ. ಮುಂದಿನವನು ಖಾಲಿ ಹಗ್ಗ ಎಳೆದುಕೊಂಡು ಕೆಳಗಿಳಿಯುತ್ತಾನೆ. ಈ ಮುಂದಿನವನೇ ಧರ್ಮೇಶ್.

"ಕೆಟ್ಟೋಗಿರೋ ವಿಮಾನ ಎಳ್ಕೊಂಡು ಹೋಗ್ತೀರಂತೆ, ಹೌದಾ ಸಾರ್?" ಎಂದು ಕ್ಷೌರದ ಅಂಗಡಿಯಲ್ಲಿ ಯಾರೋ ಕೇಳಿದ್ದರು.

"ಕೆಟ್ಟಿಲ್ಲ ಕಣ್ರೀ, ಅದಕ್ಕೆ ಎಂಜಿನ್ನೇ ಇರಲ್ಲ."

"ಎಂಜಿನ್ನೇ ಇಲ್ದಿದ್ ಮ್ಯಾಲೆ ಕೆಟ್ಟಂಗೇ ಅಲ್ವಾ?"

ಧರ್ಮೇಶ್ ಕ್ಷೌರ ಮುಗಿಸಿಕೊಂಡು ಎದ್ದ. ಮನೆಗೆ ಬಂದು ಹೆಂಡತಿ ಮಂಜುಳಾಗೆ ಹೇಳಿಕೊಂಡು ನಕ್ಕ. ಅವಳು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅವರು ಕೇಳಿದ್ದರಲ್ಲಿ ನ್ಯಾಯ ಇದೆ ಎಂದಳು.

ಅವನ ಅಪ್ಪ ತಮ್ಮಯ್ಯ ರೈಲ್ವೆ ಗೇಟ್‌ಮನ್. ಅರಸೀಕೆರೆ ಜಂಕ್ಷನ್ನಿನ ಆಚೆಗೆ ಒಂದು ಗೇಟು, ಒಂದು ಗೂಡಿನಂಥ ಕೋಣೆ, ಕೈಯಲ್ಲಿ ಕೆಂಪು ಹಸಿರು ಬಾವುಟ. ಹುಡುಗ ಓದಲಿ ಎಂದು ಅಮ್ಮ ಮುನಿಯಮ್ಮ ಹಟ ಹಿಡಿದಳು, ಹುಡುಗ ಓದಿದ. ವಾಯುಪಡೆಗೆ ಸೇರಿ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸಿದ. ವಿಮಾನದ ಒಳಗೆ ಕೂತು ಹಾರಿಸುವ ಆಸೆ ಮಾತ್ರ ಹೊಟ್ಟೆಯೊಳಗೇ ಉಳಿದಿತ್ತು. ಪಿಂಚಣಿ ಬಂದ ಮೇಲೆ, ತಲೆ ನೆರೆತ ಮೇಲೆ, ಹುಡುಗರ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದು ಲೈಸೆನ್ಸ್ ಪಡೆದ. ಮುನಿಯಮ್ಮ ಮನೆಯ ಬುದ್ಧನ ಪಟದ ಮುಂದೆ ಆ ಲೈಸೆನ್ಸಿಟ್ಟು ಕೈ ಮುಗಿದಳು. ಬೇರೆ ಯಾರೂ ಅಂಥ ದೊಡ್ಡ ಸಂಗತಿಯೆಂದು ತಿಳಿಯಲಿಲ್ಲ.

ಕೆಲಸ ಕೊಟ್ಟವರು ಜಯದೇವಪ್ಪನವರು. ಹಾರನಹಳ್ಳಿಯ ಕಡೆ ಅವರದ್ದೊಂದು ದೊಡ್ಡ ಬಯಲು. ಸುತ್ತಮುತ್ತಲಿನವರೆಲ್ಲ ತೆಂಗು ಹಾಕಿ ಸುಖವಾಗಿದ್ದರೆ ಇವರು ನೆಲ ಸಮ ಮಾಡಿಸಿ ಗ್ಲೈಡರ್ ಕ್ಲಬ್ ತೆರೆದರು. ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಎರಡು ಗ್ಲೈಡರ್, ಒಂದು ಎಳೆಯುವ ವಿಮಾನ, ತಗಡಿನ ಶೆಡ್ಡು, ಹೊಂಗೆ ಮರದ ಕೆಳಗೆ ಸಿಮೆಂಟ್ ಬೆಂಚು, ಇಷ್ಟೇ ಕ್ಲಬ್ಬು. ಅಲ್ಲಿ ನಿಂತರೆ ಬಯಲಿನ ತುದಿಗೆ ಮಾಲೇಕಲ್ಲು ಬೆಟ್ಟ ಕಾಣುತ್ತದೆ. ಹಾಸನ, ಬೇಲೂರು, ಅರಸೀಕೆರೆ ಕಾಲೇಜುಗಳ ಹುಡುಗ ಹುಡುಗಿಯರು ಭಾನುವಾರ ಬಂದು ಕಲಿಯುತ್ತಿದ್ದರು. ಹೊನ್ನಯ್ಯ ಎಂಬವನು ನೆಲದ ಮೇಲಿನ ಕೆಲಸಕ್ಕೆ. ಹಗ್ಗ ಸಿಕ್ಕಿಸುವುದು, ಗ್ಲೈಡರಿನ ರೆಕ್ಕೆ ಹಿಡಿದು ಜೊತೆಗೆ ಓಡುವುದು, ವೈರ್‌ಲೆಸ್ಸಿನಲ್ಲಿ ಮಾತಾಡುವುದು ಎಲ್ಲ ಅವನದೇ.

ಈಗ ಸನ್ನೆಗಳ ವಿಷಯಕ್ಕೆ ಬರಬೇಕು. ಎಳೆಯುವವನಿಗೆ ಹಿಂದಿನವರು ಒಂದು ಸಣ್ಣ ಕನ್ನಡಿಯಲ್ಲಿ ಕಾಣುತ್ತಾರೆ. ಹಿಂದಿನವರಿಗೆ ಮುಂದಿನ ವಿಮಾನದ ಬೆನ್ನು ಕಾಣುತ್ತದೆ. ವೈರ್‌ಲೆಸ್ ಕೈಕೊಟ್ಟರೆ ಒಬ್ಬರಿಗೊಬ್ಬರು ಕೂಗಿದರೂ ಕೇಳದು. ಅದಕ್ಕಾಗಿ ವಿಮಾನದ ಮೈಯಿಂದಲೇ ಮಾಡುವ ಸನ್ನೆಗಳಿವೆ. ಮುಂದಿನ ವಿಮಾನ ಬಾಲವನ್ನು ಅತ್ತಿತ್ತ ಆಡಿಸಿದರೆ, ನಿನ್ನ ಗ್ಲೈಡರಿನಲ್ಲಿ ಏನೋ ಸರಿಯಿಲ್ಲ, ಬ್ರೇಕ್ ತೆರೆದಿದೆಯಾ ನೋಡಿಕೋ ಎಂದು ಅರ್ಥ. ರೆಕ್ಕೆಗಳನ್ನು ತಕ್ಕಡಿಯಂತೆ ಮೇಲೆ ಕೆಳಗೆ ಆಡಿಸಿದರೆ, ನಾನು ಕಷ್ಟದಲ್ಲಿದ್ದೇನೆ, ಈ ಕ್ಷಣ ಹಗ್ಗ ಬಿಡು ಎಂದು ಅರ್ಥ. ಬ್ರೇಕ್ ಎಂದರೆ ಗ್ಲೈಡರಿನ ರೆಕ್ಕೆಯಿಂದ ಮೇಲಕ್ಕೆದ್ದು ನಿಲ್ಲುವ ಹಲಗೆಗಳು. ಇಳಿಯುವಾಗ ಬೇಕು. ಏರುವಾಗ ತೆರೆದುಕೊಂಡರೆ ಗ್ಲೈಡರ್ ಕಲ್ಲಿನಷ್ಟು ಭಾರ.

ಎರಡು ಸನ್ನೆ, ಎರಡು ಅರ್ಥ. ಒಂದನ್ನು ಇನ್ನೊಂದೆಂದು ತಿಳಿದರೆ ಮುಗಿಯಿತು. ಬ್ರೇಕ್ ಮುಚ್ಚು ಎಂದು ಹೇಳಿದ್ದಕ್ಕೆ ಹಗ್ಗವನ್ನೇ ಬಿಟ್ಟರೆ, ತೆರೆದ ಬ್ರೇಕಿನ ಜೊತೆ ನೆಲಕ್ಕೆ ಬೀಳುವುದೊಂದೇ ದಾರಿ.

ಇಂಗ್ಲಿಷ್ ಪುಸ್ತಕದಲ್ಲಿ ಬಾಲದ್ದಕ್ಕೆ ವ್ಯಾಗಲ್ ಎಂದಿತ್ತು, ರೆಕ್ಕೆಯದಕ್ಕೆ ರಾಕ್ ಎಂದಿತ್ತು. ಹಳ್ಳಿಗಳಿಂದ ಬಂದ ಮಕ್ಕಳು ಆ ಪುಸ್ತಕ ನೋಡಿ ಬೆವರುತ್ತಿದ್ದರು. ಧರ್ಮೇಶ್ ಅದನ್ನು ನೋಡಿದ. ತಾನೂ ಹಾಗೆ ಬೆವರಿದವನೇ. ಪುಸ್ತಕ ಮುಚ್ಚಿ ಕನ್ನಡದಲ್ಲಿ ಪಾಠ ಮಾಡಿದ. ಅಂಗೈ ಎರಡನ್ನೂ ವಿಮಾನ ಮಾಡಿಕೊಂಡು ತೋರಿಸಿದ. "ಬಾಲ ಅಲ್ಲಾಡ್ಸಿದ್ರೆ ಬ್ರೇಕ್ ನೋಡ್ಕೋ. ರೆಕ್ಕೆ ಅಲ್ಲಾಡ್ಸಿದ್ರೆ ಹಗ್ಗ ಬಿಡು." ಮಕ್ಕಳ ಮುಖ ಅರಳಿತು. ಅಷ್ಟು ಸುಲಭವಾಗಿ ಅವರಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಭಾಷೆಯ ಆ ಮಾತೇ ಅಂಥದ್ದು. ಹಲ್ಲೂ ಅಲ್ಲಾಡುತ್ತದೆ, ಮರವೂ ಅಲ್ಲಾಡುತ್ತದೆ, ಕುರ್ಚಿಯೂ ಅಲ್ಲಾಡುತ್ತದೆ, ಸರ್ಕಾರವೂ ಅಲ್ಲಾಡುತ್ತದೆ. ಹೇಗೆ ಅಲ್ಲಾಡಿತು ಎಂದು ಯಾರೂ ಕೇಳುವುದಿಲ್ಲ. ಮಕ್ಕಳ ಬಾಯಲ್ಲಿ ಬಾಲ ಮೊದಲು ಉದುರಿತು, ಆಮೇಲೆ ರೆಕ್ಕೆಯೂ ಉದುರಿತು. ಉಳಿದದ್ದು ಅಲ್ಲಾಡ್ಸಿದ್ರೆ ಬಿಡು. ಅದು ಕ್ಲಬ್ಬಿನ ತಮಾಷೆಯಾಯಿತು. ಹೊಂಗೆ ಮರದ ಕೆಳಗೆ ಚಿತ್ರಾನ್ನದ ತಟ್ಟೆಗೆ ಇಬ್ಬರು ಕೈ ಹಾಕಿದರೆ ಒಬ್ಬಳು ತಟ್ಟೆ ಜಗ್ಗಿ "ಅಲ್ಲಾಡ್ಸಿದೆ ಕಣೇ, ಬಿಡು" ಎನ್ನುವಳು. ಬಸ್ಸಿನ ಸೀಟಿಗೂ ಅದೇ, ಮೊಬೈಲ್ ಚಾರ್ಜರಿಗೂ ಅದೇ. ಧರ್ಮೇಶನೂ ಬಿದ್ದು ಬಿದ್ದು ನಗುತ್ತಿದ್ದ. ಮನೆಯಲ್ಲಿ ಮಂಜುಳಾ ಪೇಪರ್ ಓದುತ್ತಿದ್ದರೆ ಹಿಂದಿನಿಂದ ಬಂದು ಪೇಪರಿನ ತುದಿ ಎಳೆದು "ಅಲ್ಲಾಡ್ಸಿದೆ, ಬಿಡು" ಎನ್ನುತ್ತಿದ್ದ. ಗೇಟಿನಲ್ಲಿ ನಿಂತು ಆಯಸ್ಸು ಕಳೆದ ತಮ್ಮಯ್ಯ ಬದುಕಿದ್ದಿದ್ದರೆ ಈ ತಮಾಷೆಗೆ ನಗುತ್ತಿರಲಿಲ್ಲ. ಕೆಂಪು ಅಂದ್ರೆ ಕೆಂಪೇ ಕಣ್ಲಾ, ಅದ್ರಲ್ಲಿ ಆಟ ಇಲ್ಲ, ಎಂದು ಅವನು ಮಗನ ಕೈಯಿಂದ ಬಾವುಟ ಕಿತ್ತುಕೊಂಡದ್ದುಂಟು.

ತಮಾಷೆಯನ್ನು ಮೊದಲು ಹುಟ್ಟಿಸಿದವಳು ಮಾದಿಹಳ್ಳಿಯ ಮಧುಶ್ರೀ. ಬಿ.ಎಸ್ಸಿ. ಓದುತ್ತಿದ್ದ ಹುಡುಗಿ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅಪ್ಪ ಕೆಂಚಪ್ಪ ಭತ್ತ, ತೆಂಗು ನೋಡಿಕೊಂಡರೆ ಅವ್ವ ಮಾದಮ್ಮ ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾಳೆ. ಮಗಳು ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು, ಹಳೇಬೀಡಿನಲ್ಲಿ ಬಸ್ ಬದಲಾಯಿಸಿ ಬರುತ್ತಿದ್ದಳು. ಧರ್ಮೇಶನಿಗೆ ಅವಳ ಮೇಲೆ ವಿಶೇಷ ಅಕ್ಕರೆ. ಅವನಿಗೆ ಮಕ್ಕಳಿಲ್ಲ, ಅದು ಕಾರಣವಿರಬಹುದು. ಹಾರಾಟ ಅವಳ ಮೈಯಲ್ಲೇ ಇತ್ತು, ಅದು ಖಂಡಿತ ಕಾರಣ.

ಒಂಟಿಯಾಗಿ ಹಾರಿಸುವ ಹಂತ ಬಂದಾಗ ಮಾದಮ್ಮ ಬೇಡವೇ ಬೇಡ ಎಂದು ಕೂತಳು. ಧರ್ಮೇಶ್ ಬೈಕ್ ಹಾಕಿಕೊಂಡು ಮಾದಿಹಳ್ಳಿಗೇ ಹೋದ. ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿ ಕೂರಿಸಿ, ಲೋಟದ ತುಂಬ ಹಾಲು ಕೊಟ್ಟು, ಮಾದಮ್ಮ ನೇರ ಮಾತಿಗೆ ಬಂದಳು.

"ಹೆಣ್ಮಗಾ ಒಬ್ಳೇ ಮ್ಯಾಕೋಗಿ ಏನ್ ಮಾಡ್ಬೇಕು ಸಾಮಿ? ಕೆಳಗೆ ಮಾಡಾಕೆ ಕೆಲ್ಸ ಇಲ್ವಾ?"

"ಒಬ್ಳೇ ಅಲ್ಲಮ್ಮ. ಹಗ್ಗದ ಈ ಕಡೆ ತುದೀಲಿ ನಾನಿರ್ತೀನಿ."

"ಹಗ್ಗ ನಿಮ್ ಕೈಲೇ ಇರ್ತದಾ?"

ಹಗ್ಗ ಬಿಡುವ ಗುಬುಟು ಇಬ್ಬರ ಹತ್ತಿರವೂ ಇರುತ್ತದೆ ಎಂದು ಹೇಳಬೇಕೆಂದುಕೊಂಡ. ಹೇಳಿದರೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಮಧುಶ್ರೀ ಬಾಗಿಲ ಹಿಂದೆ ನಿಂತು ಕೈ ಮುಗಿದು ಮುಖ ಮಾಡುತ್ತಿದ್ದಳು.

"ನನ್ ಕೈಲೇ ಇರುತ್ತಮ್ಮ" ಎಂದ.

"ಹಂಗಾರೆ ಕಳಿಸ್ತೀನಿ. ನಿಮ್ಮನ್ ನಂಬಿ ಕಳಿಸ್ತೀನಿ" ಎಂದಳು ಮಾದಮ್ಮ.

ಹಾಗೆ ಬಂದವಳು ಒಂಟಿಯಾಗಿ ಹಲವು ಸಲ ಹಾರಿದಳು. ಗಟ್ಟಿಗಿತ್ತಿ ಎನ್ನಿಸಿಕೊಂಡಳು.

ಅದು ರಾಗಿ ಕಟಾವಾಗಿ ಹೊಲಗಳಲ್ಲೆಲ್ಲ ಕೂಳೆ ಮಾತ್ರ ಉಳಿದಿದ್ದ ಸಮಯ. ಆಕಾಶ ತೊಳೆದಿಟ್ಟಂತಿತ್ತು. ಅವತ್ತಿನ ಮೊದಲ ಹಾರಾಟವೇ ಮಧುಶ್ರೀಯದು. ಗ್ಲೈಡರಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡು, ಒಂದೊಂದನ್ನೂ ಮುಟ್ಟಿ ನೋಡಿ, ಬ್ರೇಕಿನ ನೀಲಿ ಹಿಡಿ ಮುಂದಕ್ಕೆ ತಳ್ಳಿದಳು. ತಳ್ಳಿದಾಗ ಕಟಕ್ ಎಂದು ಕೂರಬೇಕು. ಅವತ್ತು ಆ ಕಟಕ್ ಬಂತೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಹಿಡಿ ಮುಂದೆ ಹೋಗಿತ್ತು, ಹಲಗೆಗಳು ಮುಚ್ಚಿಕೊಂಡೇ ಇದ್ದವು. ಹೊನ್ನಯ್ಯನ ಕಣ್ಣಿಗೂ ಎಲ್ಲ ಸರಿಯಾಗಿಯೇ ಕಂಡಿತು. ವೈರ್‌ಲೆಸ್ಸಿನಲ್ಲಿ "ರೆಡಿ ಸಾರ್" ಎಂದಳು, ಅದೂ ಸ್ಪಷ್ಟವಾಗಿ ಕೇಳಿತು. ಹೊನ್ನಯ್ಯ ರೆಕ್ಕೆ ಎತ್ತಿ ಹಿಡಿದ. ಧರ್ಮೇಶ್ ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟ.

ನೆಲದಲ್ಲಿ ಓಡುವಾಗ ಆ ಕುಲುಕಾಟಕ್ಕೆ, ಗಾಳಿಯ ಸೆಳೆತಕ್ಕೆ ಹಲಗೆಗಳು ಮೆಲ್ಲನೆ ಎದ್ದವು. ಧರ್ಮೇಶನಿಗೆ ಮೊದಲು ಗೊತ್ತಾದದ್ದು ಬೆನ್ನಿಗೆ. ವಿಮಾನ ಎಂದಿನಂತೆ ಚಂಗನೆ ಏಳಲಿಲ್ಲ. ಕೆಸರಿನಲ್ಲಿ ಗಾಡಿ ಎಳೆದಂತೆ ಏದುಸಿರು ಬಿಟ್ಟಿತು. ಬೇಲಿ ದಾಟಿದ್ದೇ ಹೆಚ್ಚಾಯಿತು. ಇನ್ನು ನಿಲ್ಲಿಸಲು ಬಯಲು ಉಳಿದಿರಲಿಲ್ಲ. ಕನ್ನಡಿ ನೋಡಿದ. ಗ್ಲೈಡರಿನ ಎರಡು ರೆಕ್ಕೆಯ ಮೇಲೂ ಹಲಗೆಗಳು ನಿಂತಿದ್ದವು.

"ಮಧು, ಬ್ರೇಕ್ ತೆರೆದಿದೆ. ಬ್ರೇಕ್ ಮುಚ್ಚು."

ಉತ್ತರ ಬರಲಿಲ್ಲ.

"ಮಧು, ನೀಲಿ ಹಿಡಿ ಮುಂದಕ್ಕೆ ತಳ್ಳು. ಕೇಳಿಸ್ತಾ?"

ಕೇಳಿಸುತ್ತಿರಲಿಲ್ಲ. ಆ ಗ್ಲೈಡರಿನ ವೈರ್‌ಲೆಸ್ಸಿಗೆ ಅದೊಂದು ಚಾಳಿ. ನೆಲದಲ್ಲಿ ಮುದ್ದಾಗಿ ಮಾತಾಡುತ್ತಿತ್ತು, ಕುಲುಕಿದರೆ ಸಾಯುತ್ತಿತ್ತು. ಎಲ್ಲೋ ಒಂದು ತಂತಿ ಸಡಿಲ. ಜಯದೇವಪ್ಪನವರಿಗೆ ಹೇಳಿಯಾಗಿತ್ತು, ಮಾಡಿಸೋಣ ಮಾಡಿಸೋಣ ಎಂದೂ ಆಗಿತ್ತು. ಮಾಡಿಸೋಣ ಎಂಬ ಮಾತಿಗೆ ನಮ್ಮಲ್ಲಿ ಎಷ್ಟು ಜನ ಬಲಿಯಾಗಿದ್ದಾರೋ ದೇವರಿಗೇ ಗೊತ್ತು.

ಮಧುಶ್ರೀಗೆ ತನ್ನ ರೆಕ್ಕೆಯ ಹಲಗೆ ಕಾಣುತ್ತಿರಲಿಲ್ಲ. ಅವು ತಲೆಯ ಹಿಂದಕ್ಕಿವೆ, ಕತ್ತು ತಿರುಗಿಸಿ ನೋಡಬೇಕು. ಅವಳು ಕತ್ತು ತಿರುಗಿಸುವ ಹುಡುಗಿಯಲ್ಲ. ಮುಂದಿನ ವಿಮಾನದ ಮೇಲಿಂದ ಕಣ್ಣು ತೆಗೆಯಬೇಡ ಎಂದು ಹೇಳಿಕೊಟ್ಟವನೇ ಧರ್ಮೇಶ್. ಅವಳು ಕಣ್ಣು ತೆಗೆಯಲಿಲ್ಲ. ಹಗ್ಗ ಬಿಗಿಯಾಗಿತ್ತು, ರೆಕ್ಕೆ ಸಮವಾಗಿತ್ತು. ಪರೀಕ್ಷೆಯಲ್ಲಾದರೆ ನೂರಕ್ಕೆ ನೂರು ಕೊಡಬೇಕು, ಅಷ್ಟು ಚೆಂದ ಹಾರಿಸುತ್ತಿದ್ದಳು.

ಆಗ ಕೆಳಗಿನಿಂದ ನೆಲದ ವೈರ್‌ಲೆಸ್ಸಿನಲ್ಲಿ ಹೊನ್ನಯ್ಯನ ದನಿ ಬಂತು. ಓಡಿ ಓಡಿ ಉಸಿರು ಹತ್ತಿತ್ತು.

"ಸಾರ್, ಬ್ರೇಕ್ ಎದ್ದೈತೆ ಸಾರ್! ಅಲ್ಲಾಡ್ಸಿ! ಅಲ್ಲಾಡ್ಸಿ ಸಾರ್!"

ಧರ್ಮೇಶನ ಕಾಲು ಪೆಡಲಿನ ಮೇಲೆಯೇ ಇತ್ತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿದರೆ ಸಾಕು, ಬಾಲ ಆಡುತ್ತದೆ. ಪುಸ್ತಕ ಹೇಳುವುದೂ ಅದನ್ನೇ. ಆದರೆ ಹೊನ್ನಯ್ಯನ ಆ ಮಾತು ಕಿವಿಗೆ ಬಿದ್ದದ್ದೇ ಅವನ ಕಾಲು ಮರಗಟ್ಟಿತು. ಅಲ್ಲಾಡ್ಸಿ. ಅಲ್ಲಾಡ್ಸಿದ್ರೆ ಬಿಡು. ಚಿತ್ರಾನ್ನದ ತಟ್ಟೆ ಜಗ್ಗಿ ನಗುತ್ತಿದ್ದ ಹುಡುಗಿಯೇ ಹಿಂದೆ ಕೂತಿದ್ದಾಳೆ. ಮುಂದಿನ ವಿಮಾನ ಅಲ್ಲಾಡಿತು ಎಂದರೆ ಅವಳ ಕೈ ಯೋಚನೆ ಮಾಡುವುದಿಲ್ಲ. ಅಷ್ಟು ಚುರುಕು ಕೈ ಅದು. ನೇರ ಹಳದಿ ಗುಬುಟಿಗೆ ಹೋಗುತ್ತದೆ.

ಕೆಳಗೆ ತೆಂಗಿನ ತೋಟಗಳು. ಗರಿಗಳು ಎಣಿಸುವಷ್ಟು ಹತ್ತಿರ. ಇಲ್ಲಿ ಬಿಟ್ಟರೆ ಹೆಣವೂ ಸರಿಯಾಗಿ ಸಿಗುವುದಿಲ್ಲ.

"ಅಲ್ಲಾಡ್ಸಿ ಸಾರ್!"

"ಸುಮ್ನಿರೋ ಹೊನ್ನಯ್ಯ!" ಎಂದು ಕಿರುಚಿದ.

ಅಲ್ಲಾಡಿಸದೆ ಹಾರಿಸಿದ. ಅಷ್ಟೇ ಅವನಿಂದ ಆಗುತ್ತಿದ್ದದ್ದು. ಮೈಯೆಲ್ಲ ಕಣ್ಣಾಗಿ, ಒಂದಿಷ್ಟೂ ಓಲಾಡದಂತೆ, ಗಾಳಿ ತಾನಾಗಿ ಕುಲುಕಿದರೂ ಅವಳು ಸನ್ನೆಯೆಂದುಕೊಂಡಾಳು ಎಂದು ಹೆದರಿ ಹೆದರಿ, ಹಾಸಿಗೆ ಹಿಡಿದವರನ್ನು ಹೊತ್ತು ನಡೆಯುವ ಹಾಗೆ ಹಾರಿಸಿದ. ಮೆಲ್ಲನೆ ಎಡಕ್ಕೆ ತಿರುಗಿಸಿ ಬಯಲಿಗೇ ವಾಪಸು ತಂದು, ಅದರ ಮೇಲೆ ಹಗ್ಗ ಬಿಡಿಸಿದರೆ ಉಳಿಯುತ್ತಾಳೆ. ಆದರೆ ತಿರುಗಿಸಿದಷ್ಟೂ ಎತ್ತರ ಕರಗುತ್ತಿತ್ತು. ಸ್ವಲ್ಪ ತಿರುಗಿಸುವುದು, ಸ್ವಲ್ಪ ನೇರ ಹಾರಿಸಿ ಎತ್ತರ ಕೂಡಿಸಿಕೊಳ್ಳುವುದು, ಮತ್ತೆ ಸ್ವಲ್ಪ ತಿರುಗಿಸುವುದು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ನಿಂತಿತು. ಸುಟ್ಟ ಎಣ್ಣೆಯ ವಾಸನೆ ಬಂತು.

ಅವನ ಎಡಗೈ ಪಕ್ಕದಲ್ಲೂ ಒಂದು ಗುಬುಟಿತ್ತು. ಅದನ್ನು ಎಳೆದರೆ ಹಗ್ಗ ಇವನ ಕಡೆಯಿಂದ ಕಳಚುತ್ತದೆ. ಎಳೆಯುವವನ ಪ್ರಾಣಕ್ಕೆ ಬಂದರೆ ಎಳೆಯಬಹುದು. ನಿಯಮವೇ ಹಾಗಿದೆ, ಯಾರೂ ಏನೂ ಕೇಳುವುದಿಲ್ಲ. ಆ ಗುಬುಟಿನ ಕಡೆ ಅವನು ನೋಡಲಿಲ್ಲ. ನೋಡಲಿಲ್ಲ ಎಂದರೆ ಸುಳ್ಳು, ಎರಡು ಸಲ ನೋಡಿದ. ಮಾದಮ್ಮನ ಹಾಲಿನ ಲೋಟ ನೆನಪಾಯಿತು. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಬಯಲು ದೂರದಲ್ಲಿ ಕಾಣಿಸಿತು. ನಡುವೆ ಒಂದು ಕೂಳೆ ಹೊಲ, ಅದರಾಚೆಗೆ ಇನ್ನೊಂದು ತೆಂಗಿನ ತೋಟ, ಎತ್ತರದ ಹಳೆಯ ಮರಗಳು. ಆ ಮರಗಳನ್ನು ಹಗ್ಗದ ಜೊತೆ ದಾಟಲಾಗದು ಎಂದು ಒಂದು ನೋಟಕ್ಕೇ ಗೊತ್ತಾಯಿತು. ಎಂಜಿನ್ ಒಮ್ಮೆ ಕೆಮ್ಮಿತು. ಉಳಿದಿದ್ದ ಜಾಗ ಆ ಕೂಳೆ ಹೊಲ ಮಾತ್ರ. ಇಲ್ಲಿ ಬಾಲ ಆಡಿಸಿದರೆ, ಅವಳಿಗೆ ಸರಿಯಾಗಿ ನೆನಪಾಗಿ ಬ್ರೇಕ್ ಮುಚ್ಚಿದರೆ, ಇಬ್ಬರೂ ಮರದ ಮೇಲಿಂದ ಹೋಗುತ್ತಾರೆ. ಬಿಟ್ಟರೆ ಕೆಳಗೆ ಕಡೇಪಕ್ಷ ಮಣ್ಣಿದೆ.

ನೆನಪು ಮಾಡ್ಕೋ ಮಗಾ ಎಂದು ಬಾಯಿಬಿಟ್ಟೇ ಹೇಳಿದ. ಪೆಡಲ್ ಒತ್ತಿದ. ಎಡ, ಬಲ, ಎಡ.

ಕನ್ನಡಿಯಲ್ಲಿ ಗ್ಲೈಡರ್ ಒಂದು ಕ್ಷಣ ಹಾಗೆಯೇ ಇತ್ತು. ನೆನಪಾಯಿತು ಎಂದುಕೊಂಡ. ಆಮೇಲೆ ಅವನ ವಿಮಾನ ತಟಕ್ಕನೆ ಹಗುರಾಯಿತು. ಚಂಗನೆ ಮೇಲೆದ್ದಿತು, ಎಂಜಿನ್ನಿನ ಏದುಸಿರು ನಿಂತಿತು, ತೆಂಗಿನ ಗರಿಗಳು ಸುಖವಾಗಿ ಕೆಳಗೆ ಸರಿದು ಹೋದವು. ಆ ಹಗುರಕ್ಕೆ ಅವನ ಮೈ ಹಾಯೆಂದಿತು. ಮನಸ್ಸು ತಿಳಿಯುವ ಮೊದಲೇ ಮೈ ಹಾಯೆಂದಿತು. ಅದಕ್ಕಾಗಿ ಅವನು ತನ್ನ ಮೈಯನ್ನು ಇವತ್ತಿಗೂ ಕ್ಷಮಿಸಿಲ್ಲ.

ತಿರುಗಿ ನೋಡುವಷ್ಟರಲ್ಲಿ ಗ್ಲೈಡರ್ ಹೊಲದಲ್ಲಿತ್ತು. ಮೂತಿ ಮಣ್ಣಿಗೆ ಹೂತು, ಒಂದು ರೆಕ್ಕೆ ಮುರಿದು ಬದುವಿನ ಮೇಲೆ ಬಿದ್ದಿತ್ತು. ಅವನು ಅದರ ಮೇಲೆ ಸುತ್ತಿದ. ಆ ಹೊಲದಲ್ಲಿ ಅವನ ವಿಮಾನ ಇಳಿಯದು. ಇಳಿದರೂ ಎಂಜಿನ್ನಿನ ಆ ಬಿಸಿಗೆ ಮತ್ತೆ ಏಳದು. ಏಳದಿದ್ದರೆ ಏಳದಿರಲಿ ಎಂದು ತಗ್ಗಿಸಿದ, ಬದುಗಳು ಕಂಡು ಮತ್ತೆ ಎತ್ತಿದ. ಗ್ಲೈಡರಿನಿಂದ ಯಾರೂ ಹೊರಗೆ ಬರಲಿಲ್ಲ. ಹೊಲದ ತುದಿಯಲ್ಲಿ ಮೆದೆ ಹಾಕುತ್ತಿದ್ದ ನಾಲ್ಕಾರು ಜನ ಸುಮ್ಮನೆ ನಿಂತು ನೋಡುತ್ತಿದ್ದರು. ಓಡಿ, ಹೋಗಿ ಎತ್ತಿ ಎಂದು ಅವನು ಗಂಟಲು ಹರಿಯುವಂತೆ ಕೂಗಿದ. ಗಾಜಿನ ಒಳಗಿನ ಕೂಗು ಯಾರಿಗೆ ಕೇಳಬೇಕು? ಅವರ ತಲೆಯ ಮೇಲೆ ತಗ್ಗಿನಲ್ಲಿ ಹೋಗಿ ರೆಕ್ಕೆ ಆಡಿಸಿದ. ಅವರು ಮೇಲೆ ನೋಡಿದರು. ಒಬ್ಬ ಟವೆಲ್ ಬಿಚ್ಚಿ ಬೀಸಿದ. ಉಳಿದವರೂ ಕೈ ಬೀಸಿದರು, ಟಾಟಾ ಮಾಡಿದರು. ಧರ್ಮೇಶ್ ವಿಮಾನದೊಳಗೆ ಒಬ್ಬನೇ ಗೊಳೋ ಎಂದು ಅತ್ತ. ಕೊನೆಗೆ ಗಾಡಿದಾರಿಯಲ್ಲಿ ಜಯದೇವಪ್ಪನವರ ಜೀಪಿನ ಧೂಳು ಕಂಡ ಮೇಲೆ ಬಯಲಿಗೆ ತಿರುಗಿದ.

ಹುಡುಗಿ ಬದುಕಿದಳು. ಹಾಸನದ ಆಸ್ಪತ್ರೆಯಲ್ಲಿ ಬೆನ್ನಿಗೆ ಆಪರೇಷನ್ ಆಯಿತು. ಕಾಲು ಬರುತ್ತದೆಯೇ ಎಂದರೆ ಡಾಕ್ಟರು, ಕಾಯಬೇಕು ಎಂದರು. ಎಷ್ಟು ದಿನ ಎಂದು ಕೆಂಚಪ್ಪ ಕೇಳಿದ್ದಕ್ಕೂ ಅದೇ ಉತ್ತರ.

ವಿಚಾರಣೆಗೆ ಹೊರಗಿನಿಂದ ಇಬ್ಬರು ಅಧಿಕಾರಿಗಳು ಬಂದರು. ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಯಾವ ಸನ್ನೆ ಕೊಟ್ಟಿರಿ ಎಂದು ಕೇಳಿದರು. ಬಾಲದ್ದು ಎಂದ. ಸರಿಯಾದ ಸನ್ನೆಯನ್ನೇ ಕೊಟ್ಟಿದ್ದೀರಿ, ವಿದ್ಯಾರ್ಥಿನಿ ತಪ್ಪು ತಿಳಿದಳು, ನಿಮ್ಮದೇನೂ ದೋಷವಿಲ್ಲ ಎಂದರು. ಧರ್ಮೇಶ್ ಅಲ್ಲ ಸಾರ್ ಎಂದು ಶುರು ಮಾಡಿದ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ಆ ಮಾತನ್ನು ನಾನೇ ಅವರ ಬಾಯಿಗೆ ಹಾಕಿದೆ, ಅದು ತಮಾಷೆಯಾಯಿತು, ನಾನೂ ನಕ್ಕೆ ಎಂದು ತನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದ. ಇಂಗ್ಲಿಷಿನಲ್ಲಿ ಹೇಳುವಾಗ ಆ ಎರಡು ಮಾತು ಬೇರೆ ಬೇರೆಯಾಗಿಯೇ ಬರುತ್ತಿದ್ದವು. ಅವರಿಗೆ ಕಷ್ಟ ಎಲ್ಲಿದೆಯೆಂದೇ ತಿಳಿಯಲಿಲ್ಲ. ಹಿರಿಯ ಅಧಿಕಾರಿ ಅವನ ಭುಜ ತಟ್ಟಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಾರು ಹತ್ತಿದರು.

ಧರ್ಮೇಶ್ ದಿನವೂ ಆಸ್ಪತ್ರೆಗೆ ಹೋಗುತ್ತಿದ್ದ, ಬಾಗಿಲಲ್ಲಿ ನಿಂತು ವಾಪಸು ಬರುತ್ತಿದ್ದ. ಹುಡುಗಿ ಮಾತಾಡುವಂತಾಗಿದ್ದಾಳೆ, ನಿಮ್ಮನ್ನೇ ಕೇಳುತ್ತಾಳೆ ಎಂದು ಮಾದಮ್ಮ ಕೈ ಹಿಡಿದು ಒಳಗೆ ಕರೆದ ದಿನ ಹೋಗಲೇಬೇಕಾಯಿತು. ಮಧುಶ್ರೀ ಅಂಗಾತ ಮಲಗಿದ್ದಳು. ಕತ್ತಿಗೆ ಗಟ್ಟಿ ಪಟ್ಟಿ ಕಟ್ಟಿ, ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟಿದ್ದರು. ಚಾವಣಿಯ ಫ್ಯಾನ್ ಬಿಟ್ಟು ಅವಳಿಗೆ ಏನೂ ಕಾಣುತ್ತಿರಲಿಲ್ಲ. ಅವನು ಪಕ್ಕದ ಸ್ಟೂಲಿನಲ್ಲಿ ಕೂತ.

"ಸಾರ್ ಬಂದ್ರಾ?" ಎಂದಳು. ದನಿ ಸಣ್ಣಗಾಗಿತ್ತು, ಉತ್ಸಾಹ ಹಾಗೇ ಇತ್ತು. "ನೋಡಿದ್ರಾ ಸಾರ್? ನೀವು ಅಲ್ಲಾಡ್ಸಿದ ತಕ್ಷಣ ಬಿಟ್ಟೆ. ಒಂಚೂರೂ ತಡ ಮಾಡ್ಲಿಲ್ಲ."

ಧರ್ಮೇಶ್ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.

"ನೀವು ಸನ್ನೆ ಮಾಡ್ದೇ ಇದ್ದಿದ್ರೆ ನಮ್ ಮಗಾ ಉಳೀತಿರ್ಲಿಲ್ವಂತೆ. ಊರೆಲ್ಲಾ ಅದೇ ಮಾತಾಡ್ತಾ ಐತೆ ಸಾಮಿ" ಎಂದು ಮಾದಮ್ಮ ಕೈ ಮುಗಿದಳು. ಮುಗಿದ ಕೈಯನ್ನು ಅವನು ನೋಡಲಾರದೆ ನೆಲ ನೋಡಿದ.

ಹೂಂ ಎಂದುಬಿಡಬಹುದಿತ್ತು. ಹೂಂ ಎಂದರೆ ಹುಡುಗಿಗೆ ನೆಮ್ಮದಿ, ಅವ್ವನಿಗೆ ನೆಮ್ಮದಿ. ಆದರೆ ನಾಳೆ ವಿಚಾರಣೆಯವರ ಮಾತು ಯಾರ ಬಾಯಿಂದಲಾದರೂ ಇವಳ ಕಿವಿಗೆ ಬೀಳುತ್ತದೆ, ನಿನ್ನದೇ ತಪ್ಪಂತೆ ಎಂದು. ಅದಕ್ಕಿಂತ ಮೊದಲು ತಾನೇ ಹೇಳಬೇಕು.

"ಮಗಾ, ಅದು ಬಿಡು ಅಂತ ಅಲ್ಲ" ಎಂದ. "ನಿನ್ ಬ್ರೇಕ್ ತೆರ್ಕೊಂಡಿತ್ತು. ಮುಚ್ಕೋ ಅಂತ ಹೇಳಿದ್ದು ನಾನು."

ಫ್ಯಾನ್ ತಿರುಗುತ್ತಿತ್ತು.

"ಅಲ್ಲಾಡ್ಸಿದ್ರಲ್ಲ ಸಾರ್?"

"ಅಲ್ಲಾಡ್ಸಿದೆ."

"ಮತ್ತೆ?"

"ನೀನು ಮಾಡಿದ್ದು ತಪ್ಪಲ್ಲ ಮಗಾ. ನಾನು ಹೇಳ್ಕೊಟ್ಟಿದ್ದೇ ಹಾಗೆ."

"ನಾನು ಬಿಡ್ತೀನಿ ಅಂತ ನಿಮ್ಗೆ ಗೊತ್ತಿತ್ತಾ ಸಾರ್?"

"ಭಯ ಇತ್ತು" ಎಂದ. ಆಮೇಲೆ, "ಗೊತ್ತಿತ್ತು" ಎಂದ.

ಅವಳ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಒರೆಸಿಕೊಳ್ಳಲು ಅವಳ ಕೈ ಏಳಲಿಲ್ಲ. ಮಾದಮ್ಮ ಸೆರಗಿನಿಂದ ಒರೆಸಿದಳು. ಅವಳಿಗೆ ಇವರ ಮಾತು ಅರ್ಥವಾಗಿರಲಿಲ್ಲ; ಮಗಳ ಮುಖ ನೋಡಿ ಗಾಬರಿಯಾಗಿದ್ದಳು.

"ಬಾಲದ್ದು ಬೇರೆ, ರೆಕ್ಕೇದು ಬೇರೆ ಅಲ್ವಾ ಸಾರ್?" ಎಂದಳು ಹುಡುಗಿ ಕೊನೆಗೆ. "ಹೇಳ್ಕೊಟ್ಟಿದ್ರಿ. ಈಗ ನೆನಪಿಗೇ ಬರ್ತಿಲ್ಲ. ಬಾಲದ್ದು ಹೇಗೆ?"

ಧರ್ಮೇಶ್ ಪಾಠದಲ್ಲಿ ಮಾಡುತ್ತಿದ್ದಂತೆ ಅಂಗೈಯನ್ನು ವಿಮಾನ ಮಾಡಿ ಮುಂದಕ್ಕೆ ಹಿಡಿದ. ಮಣಿಕಟ್ಟಿನಿಂದ ಅತ್ತಿತ್ತ ತಿರುಗಿಸಿದ, ಇದು ಬಾಲದ್ದು. ಅಂಗೈಯನ್ನು ಓರೆಯಾಗಿ ಮೇಲೆ ಕೆಳಗೆ ಮಾಡಿದ, ಇದು ರೆಕ್ಕೆಯದು. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಎರಡೂ ಬೇರೆ ಬೇರೆಯಾಗಿ ಸ್ಪಷ್ಟವಾಗಿಯೇ ಬಂದವು.

"ಸಾರ್? ಇದೀರಾ? ನಂಗೇನೂ ಕಾಣ್ತಿಲ್ಲ" ಎಂದಳು ಮಧುಶ್ರೀ ಚಾವಣಿ ನೋಡುತ್ತ. "ಅವ್ವಾ, ಸಾರ್ ಏನ್ ಮಾಡ್ತಿದಾರೆ?"

ಮಾದಮ್ಮ ಅವನ ಕೈಯನ್ನೇ ನೋಡುತ್ತಿದ್ದಳು.

"ಕೈ ಅಲ್ಲಾಡುಸ್ತಾ ಅವ್ರೆ ಕಣವ್ವಾ" ಎಂದಳು.